ಹೊರಬಾಗಿಲಿನ ಬಳಿಯ ನೆಲ: ಲ್ಯಾಮಿನೇಟ್ ಹಾಸುವ ಮುನ್ನ

ಕರಾವಳಿಯ ಹಳೆಯ ಮುರಕಲ್ಲಿನ ಮನೆಗಳಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ ಲ್ಯಾಮಿನೇಟ್ ಹಲಗೆ ಹಾಸುವುದನ್ನು ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಣೆಯ ನಡುಭಾಗದ ಸಿದ್ಧತೆ ಕಷ್ಟದ್ದಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ. ಹೊಸ್ತಿಲಿನಿಂದ ಒಳಕ್ಕೆ ಮೂರಡಿ ಜಾಗದಲ್ಲಿ ಮಾತ್ರ ಮಳೆನೀರು, ನೆಲದ ತೇವ, ಬಾಗಿಲಿನ ಓಡಾಟ ಮೂರೂ ಒಟ್ಟಿಗೆ ಎದುರಾಗುತ್ತವೆ.

ತೇವ ಎಲ್ಲಿಂದ ಬರುತ್ತದೆ?

ನನಗೆ ಅತಿ ಹೆಚ್ಚು ಗೊಂದಲ ತಂದದ್ದು ಇದೇ. ಹೊಸ್ತಿಲಿನ ಬಳಿ ನೆಲ ಕಪ್ಪಾಗಿದ್ದರೆ ಅದಕ್ಕೆ ಮೂರು ಕಾರಣಗಳಿರಬಹುದು: ಬಾಗಿಲಿನ ಅಡಿಯಿಂದಲೋ ಚೌಕಟ್ಟಿನ ಸಂದಿಯಿಂದಲೋ ಮಳೆನೀರು ಒಳಬರುತ್ತಿರಬಹುದು, ಮಣ್ಣಿನ ತೇವ ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತಿರಬಹುದು, ಇಲ್ಲವೇ ಮಳೆಗಾಲದ ಗಾಳಿಯ ಆವಿ ತಣ್ಣನೆಯ ನೆಲದ ಮೇಲೆ ಹನಿಗಟ್ಟುತ್ತಿರಬಹುದು. ಕಾರಣ ತಿಳಿಯದೆ ಲೆವೆಲಿಂಗ್ ಕಾಂಪೌಂಡ್ (ನೆಲದ ತಗ್ಗು ತುಂಬಿ ಸಮ ಮಾಡುವ ಮಿಶ್ರಣ) ಸುರಿದರೆ ತೇವ ನಿಲ್ಲುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ.

ಪತ್ತೆಗೆ ಸುಲಭದ ಉಪಾಯ ಪಾಲಿಥೀನ್ ಹಾಳೆ. ಸುಮಾರು 45 ಸೆಂ.ಮೀ. ಚೌಕದ ದಪ್ಪ, ಪಾರದರ್ಶಕ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ, ಕನಿಷ್ಠ 16 ಗಂಟೆ ಬಿಡಬೇಕು. ಹನಿ ಹಾಳೆಯ ಅಡಿಯಲ್ಲಿದ್ದರೆ ತೇವ ನೆಲದೊಳಗಿನದು. ಮೇಲ್ಗಡೆ ಮಾತ್ರ ಇದ್ದರೆ ಗಾಳಿಯದು. ಅಡಿಯಲ್ಲಿ ಹನಿ ಇಲ್ಲದಿದ್ದರೂ ಹಾಳೆ ಮುಚ್ಚಿದ್ದ ಜಾಗ ಸುತ್ತಲಿನ ನೆಲಕ್ಕಿಂತ ಕಪ್ಪಾಗಿ ಕಂಡರೆ ಅದನ್ನೂ ತೇವವೆಂದೇ ಎಣಿಸಬೇಕು.

ಆದರೆ ನೆಲದೊಳಗಿನ ತೇವ ಮಣ್ಣಿನದೋ ಬಾಗಿಲಿನ ಕಡೆಯದೋ ಎಂಬುದನ್ನು ಒಂದೇ ಹಾಳೆ ಹೇಳಲಾರದು. ಆದ್ದರಿಂದ ಒಂದನ್ನು ಹೊಸ್ತಿಲಿನ ಪಕ್ಕದಲ್ಲೂ ಇನ್ನೊಂದನ್ನು ಕೋಣೆಯ ನಡುವೆಯೂ, ಒಂದೇ ಹೊತ್ತಿನಲ್ಲಿ ಅಂಟಿಸಬೇಕು. ಎರಡರ ಅಡಿಯಲ್ಲೂ ಹನಿ ಮೂಡಿದರೆ ಮಣ್ಣಿನ ತೇವದ ಮೇಲೆ ಅನುಮಾನ ಪಡಬೇಕು. ಹೊಸ್ತಿಲಿನದರ ಅಡಿಯಲ್ಲಿ ಮಾತ್ರ ಮೂಡಿದರೆ ಬಾಗಿಲಿನ ಕಡೆಗೆ ನೋಡಬೇಕು. ಈ ಪರೀಕ್ಷೆಯಲ್ಲಿ ಹನಿ ಕಂಡರೆ ತೇವ ಇರುವುದು ಖಚಿತ, ಕಾಣದಿದ್ದರೆ ನೆಲ ಒಣಗಿದೆ ಎಂಬುದು ಖಚಿತವಲ್ಲ. ಏಪ್ರಿಲ್‌ನಲ್ಲಿ ಒಣಗಿ ಕಾಣುವ ನೆಲ ಜುಲೈನಲ್ಲಿ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ.

ಬಾಗಿಲಿನ ಮೇಲೆ ಅನುಮಾನವಿದ್ದರೆ, ಬಾಗಿಲು ಮುಚ್ಚಿ ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಮೊದಲು ಹೊಸ್ತಿಲಿನ ಸಂದಿಗೆ, ಒಳಗೆ ಏನೂ ಕಾಣದಿದ್ದರೆ ಚೌಕಟ್ಟಿನ ಬುಡಕ್ಕೆ, ಆಮೇಲೆ ಅದಕ್ಕಿಂತ ಮೇಲಕ್ಕೆ, ಹೀಗೆ ಕೆಳಗಿನಿಂದಲೇ ಆರಂಭಿಸಬೇಕು. ಮೇಲಿನಿಂದ ಬಿಟ್ಟರೆ ನೀರು ಇಳಿಯುತ್ತಾ ಎಲ್ಲ ಸಂದಿಗಳನ್ನೂ ನೆನೆಸುವುದರಿಂದ ಸೋರಿದ್ದು ಯಾವುದೆಂದು ತಿಳಿಯುವುದಿಲ್ಲ. ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿರಿ. ಮೆತ್ತಗೆ ಒಳಹೋದರೆ ಮರ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ, ಮೊದಲು ಬಡಗಿಯನ್ನು ಕರೆಸಬೇಕು. ಮರ ಮತ್ತು ಗಾರೆಯ ನಡುವಿನ ಸಂದಿಯನ್ನು ಸಿಮೆಂಟಿನಿಂದ ತುಂಬಬಾರದು. ಮರ ಹಿಗ್ಗಿ ಕುಗ್ಗುವಾಗ ಅದು ಬಿರುಕು ಬಿಡುವುದರಿಂದ ಅಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರಿಥೇನ್ ಸೀಲಂಟ್ ಬೇಕು.

ನೀರು ತಾಗಿದರೆ ಉಬ್ಬದ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ ಹಾಕಿದರೆ ಇಷ್ಟೆಲ್ಲ ಬೇಕಿಲ್ಲವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಲಗೆ ಉಬ್ಬದಿದ್ದರೂ ಅದರಡಿಯಲ್ಲಿ ನಿಂತ ನೀರಿಗೆ ಬೂಸಲು ಬರುತ್ತದೆ, ವಾಸನೆ ಹಿಡಿಯುತ್ತದೆ.

ಬಾಗಿಲಿನ ಅಡಿಯ ಎತ್ತರ

ಹಲಗೆ 8 ಮಿ.ಮೀ., ಅದರಡಿಯ ಫೋಮ್ 2 ಮಿ.ಮೀ., ಒಟ್ಟು 10 ಮಿ.ಮೀ. ಎಂದಿಟ್ಟುಕೊಳ್ಳೋಣ. ಮುಚ್ಚಿದ ಬಾಗಿಲಿನ ಅಡಿಯಲ್ಲಿ 14 ಮಿ.ಮೀ. ಜಾಗವಿದ್ದರೆ ಸಾಕೆನಿಸುತ್ತದೆ. ಆದರೆ ಒಳಕ್ಕೆ ತೆರೆಯುವ ಬಾಗಿಲು ಸಾಗುವ ದಾರಿಯಲ್ಲಿ ನೆಲ ಉಬ್ಬಿದ್ದು, ಪೂರ್ತಿ ತೆರೆದಾಗ 9 ಮಿ.ಮೀ. ಮಾತ್ರ ಉಳಿದರೆ, ಹಲಗೆ ಹಾಸಿದ ಮೇಲೆ ಬಾಗಿಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹಲವು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಬಾಗಿಲಿನ ಬುಡವನ್ನು 4 ಮಿ.ಮೀ. ಕೊಯ್ದರೆ ಒಳಗೆ ಓಡಾಟ ಸರಾಗವಾದರೂ, ಮುಚ್ಚಿದಾಗ ಅಡಿಯಲ್ಲಿ 8 ಮಿ.ಮೀ. ಸಂದಿ ಉಳಿದು, ಮಳೆ ಬೀಸಿದಾಗ ನೀರು ನೇರವಾಗಿ ಒಳನುಗ್ಗುತ್ತದೆ. ಅದರ ಬದಲು ಉಬ್ಬನ್ನು ಗ್ರೈಂಡರಿನಿಂದ 4 ಮಿ.ಮೀ. ಉಜ್ಜಿದರೆ ಓಡಾಟಕ್ಕೆ 3 ಮಿ.ಮೀ. ಜಾಗ ಸಿಗುತ್ತದೆ, ಮುಚ್ಚಿದ ಬಾಗಿಲಿನ ಸಂದಿಯೂ 4 ಮಿ.ಮೀ.ಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ ನೆಲ ಉಜ್ಜುವುದೇ ಸರಿ.

ತಗ್ಗು ತುಂಬುವುದು

ಎರಡು ಮೀಟರ್ ಉದ್ದದ ನೇರಪಟ್ಟಿ ಇಟ್ಟಾಗ ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದಿ ಕಾಣಬಾರದು. ಮೇಣ ತಿಕ್ಕಿ ನುಣುಪಾದ ರೆಡ್ ಆಕ್ಸೈಡಿಗೆ ಕಾಂಪೌಂಡ್ ಹಿಡಿಯುವುದಿಲ್ಲವಾದ್ದರಿಂದ, ತುಂಬುವ ಜಾಗವನ್ನು ಉಜ್ಜಿ ಒರಟಾಗಿಸಿ, ಪ್ರೈಮರ್ ಬಳಿದು, ಆಮೇಲೆ ಸುರಿಯಬೇಕು. ಹೊಸ್ತಿಲಿನ ಬಳಿ ಕಿತ್ತು ಹೊಸದಾಗಿ ಸಿಮೆಂಟ್ ಗಾರೆ ಹಾಕಿದ್ದರೆ, ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಿಸುವುದು) ಮುಗಿದ ಮಾತ್ರಕ್ಕೆ ಅದು ಒಣಗಿದೆ ಎಂದಲ್ಲ. ದಪ್ಪದ ಪ್ರತಿ ಮಿಲಿಮೀಟರಿಗೆ ಒಂದು ದಿನವೆಂಬ ರೂಢಿಯ ಲೆಕ್ಕದಲ್ಲಿ 40 ಮಿ.ಮೀ. ಗಾರೆಗೆ ಸುಮಾರು 40 ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟು ದಿನ ಕಳೆದ ಮೇಲೆಯೂ ಅದರ ಮೇಲೆ ಇನ್ನೊಮ್ಮೆ ಹಾಳೆ ಅಂಟಿಸಿ ನೋಡಿಯೇ ಹಲಗೆಯ ಪೆಟ್ಟಿಗೆ ಬಿಚ್ಚಬೇಕು.