ಎರಡನೇ ಮಾತ್ರೆ ಸೇರಿಸುವ ಮೊದಲು

ಸ್ಕಿಜೋಫ್ರೇನಿಯಾ ಇರುವವರ ಔಷಧ ಚೀಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದರಲ್ಲಿ ಎಷ್ಟು ಆಂಟಿಸೈಕೋಟಿಕ್ (ಭ್ರಮೆ, ಅನುಮಾನ ತಗ್ಗಿಸುವ ಔಷಧ) ಇವೆ ಎಂದು. ಎರಡು ಇರುವುದು ಮಾಮೂಲು. ಕೆಲವೊಮ್ಮೆ ಮೂರು. "ಈ ಎರಡನೆಯದು ಯಾವಾಗ ಶುರುವಾಯ್ತು, ಯಾಕೆ?" ಎಂದು ಕೇಳಿದರೆ ಮನೆಯವರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಹಳೇ ಫೈಲಿನಲ್ಲೂ ಬರೆದಿರುವುದಿಲ್ಲ.

ಅದು ಸೇರಿಕೊಳ್ಳುವುದು ಹೀಗೆ. ಕಾಯಿಲೆ ಜೋರಾದ ವಾರ, ನಿದ್ದೆಯಿಲ್ಲ, ಕೂಗಾಟ. ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ ನಡೆಯುತ್ತಿದೆ, ರಾತ್ರಿಗೆ ಓಲಾಂಜಪೈನ್ ಎಂಬ ಇನ್ನೊಂದು ಸೇರುತ್ತದೆ. ಆ ವಾರಕ್ಕೆ ಅದು ಬೇಕಿತ್ತು, ತಪ್ಪಲ್ಲ. ತಿಂಗಳು ಕಳೆದು ಎಲ್ಲ ತಣ್ಣಗಾದ ಮೇಲೆ ಯಾರೂ ಅದನ್ನು ತೆಗೆಯುವುದಿಲ್ಲ. ಅಥವಾ ಒಂದು ಔಷಧದಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಾಯಿಸುವಾಗ, ಅರ್ಧ ದಾರಿಯಲ್ಲೇ ರೋಗಿ ಸುಧಾರಿಸುತ್ತಾರೆ. "ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಕೈ ಹಾಕೋದು" ಎಂದು ಎರಡೂ ಉಳಿದುಬಿಡುತ್ತವೆ.

ಎರಡು ಕೊಟ್ಟರೆ ಎರಡು ಪಟ್ಟು ಗುಣ ಸಿಗಬೇಕಲ್ವಾ ಎಂದು ಅನ್ನಿಸುವುದು ಸಹಜ. ಆದರೆ ಈ ಔಷಧಗಳಲ್ಲಿ ಹೆಚ್ಚಿನವು ಮೆದುಳಿನಲ್ಲಿ ತಡೆಯುವುದು ಒಂದೇ ಜಾಗವನ್ನು: ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರುವ ಡಿ2 ರಿಸೆಪ್ಟರ್. ಸ್ಕ್ಯಾನ್ ಅಧ್ಯಯನಗಳ ಪ್ರಕಾರ ಸುಮಾರು ಶೇ. 65ರಷ್ಟು ರಿಸೆಪ್ಟರ್‌ಗಳು ತಡೆಯಲ್ಪಟ್ಟರೆ ಗುಣ ಕಾಣಲು ಶುರುವಾಗುತ್ತದೆ. ಶೇ. 80ರ ಹತ್ತಿರ ಹೋದರೆ ಕೈ ನಡುಕ, ಮೈ ಬಿಗಿತ, ಕೂರಲಾಗದ ಚಡಪಡಿಕೆ. ಸರಿಯಾದ ಡೋಸಿನಲ್ಲಿ ಒಂದೇ ಔಷಧ ಅಷ್ಟನ್ನು ಮಾಡಿರುತ್ತದೆ. ಮುಚ್ಚಿದ ಬಾಗಿಲನ್ನು ಇನ್ನೊಬ್ಬರು ಬಂದು ಒತ್ತಿ ಹಿಡಿದರೆ ಏನು ಲಾಭ?

ಅಡ್ಡ ಪರಿಣಾಮ ಮಾತ್ರ ಜಾಸ್ತಿಯಾಗುತ್ತದೆ. ತೂಕ, ಸಕ್ಕರೆ, ದಿನವಿಡೀ ಮಂಪರು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಮುಟ್ಟು ನಿಂತಿರುತ್ತದೆ, ಲೈಂಗಿಕ ತೊಂದರೆ ಇರುತ್ತದೆ. ನಾವಾಗಿ ಕೇಳದಿದ್ದರೆ ಅವರು ಹೇಳುವುದಿಲ್ಲ. ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಸೇರುತ್ತದೆ. ಅದರಿಂದ ಬಾಯಿ ಒಣಗುತ್ತದೆ, ಮಲಬದ್ಧತೆ, ನೆನಪು ಮಂಕು. "ಮಗ ಗಲಾಟೆ ಮಾಡಲ್ಲ ಡಾಕ್ಟ್ರೇ, ಆದ್ರೆ ಎದ್ದು ಓಡಾಡೋದೂ ಇಲ್ಲ" ಎನ್ನುವ ತಾಯಂದಿರ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅದರಲ್ಲಿ ಕಾಯಿಲೆಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಯಾರಾದರೂ ಬಿಡಿಸಿ ನೋಡಲೇಬೇಕು.

ಹಾಗಾಗಿ ಎರಡನೆಯದನ್ನು ಬರೆಯುವ ಮೊದಲು ಮೊದಲನೆಯದಕ್ಕೆ ನ್ಯಾಯ ಸಿಕ್ಕಿದೆಯೇ ಎಂದು ನೋಡುತ್ತೇನೆ. ಡೋಸ್ ಸಾಕಷ್ಟಿತ್ತೇ? ಆ ಡೋಸಿನಲ್ಲಿ ಆರು ವಾರವಾದರೂ ಕಳೆಯಿತೇ? ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯೇ? "ತಗೋತೀರಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. "ವಾರದಲ್ಲಿ ಎಷ್ಟು ದಿನ ತಪ್ಪಿಹೋಗುತ್ತೆ?" ಎಂದರೆ ನಿಜ ಹೊರಬರುತ್ತದೆ. ತಪ್ಪುವುದೇ ತೊಂದರೆಯಾದರೆ ತಿಂಗಳಿಗೊಮ್ಮೆ ಕೊಡುವಂಥ ಇಂಜೆಕ್ಷನ್‌ಗಳಿವೆ. ಅಲ್ಲಿ ಇನ್ನೊಂದು ಮಾತ್ರೆಗೆ ಕೆಲಸವಿಲ್ಲ.

ಎರಡು ಬೇರೆ ಬೇರೆ ಔಷಧಗಳನ್ನು ಹೀಗೆ ಸರಿಯಾಗಿ ಕೊಟ್ಟರೂ ಫಲ ಸಿಗದಿದ್ದರೆ ಮುಂದಿನ ಹೆಜ್ಜೆ ಕ್ಲೋಜಪೈನ್ ಎಂಬ ಆಂಟಿಸೈಕೋಟಿಕ್. ಬೇರೆ ಔಷಧಗಳಿಗೆ ಬಗ್ಗದ ರೋಗಿಗಳ ಮೇಲೆ ನಡೆದ 1988ರ ಪ್ರಸಿದ್ಧ ಅಧ್ಯಯನದಲ್ಲಿ, ಆರು ವಾರದಲ್ಲಿ ಕ್ಲೋಜಪೈನ್‌ಗೆ ಶೇ. 30 ಮಂದಿ ಸುಧಾರಿಸಿದರು. ಹಳೆಯ ಆಂಟಿಸೈಕೋಟಿಕ್ ಕ್ಲೋರ್‌ಪ್ರೊಮಜೀನ್‌ಗೆ ಬರೀ ಶೇ. 4. ಆದರೂ ಬಿಳಿ ರಕ್ತಕಣ ಕುಸಿಯಬಹುದೆಂಬ ಭಯ, ಪದೇ ಪದೇ ರಕ್ತ ಪರೀಕ್ಷೆಯ ಗೋಜು. ಅದನ್ನು ತಪ್ಪಿಸಿಕೊಳ್ಳಲು ಅರೆಬರೆ ಕೆಲಸ ಮಾಡುವ ಎರಡನ್ನು ಜೋಡಿಸಿ ವರ್ಷಗಟ್ಟಲೆ ಕಳೆಯುತ್ತಾರೆ. ಈ ವಿಷಯದಲ್ಲಿ ರೋಗಿಗಳಿಗೆ ಆಗುವ ದೊಡ್ಡ ನಷ್ಟ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೋಡಿ ಔಷಧ ಯಾವತ್ತೂ ಬೇಡ ಎನ್ನುತ್ತಿಲ್ಲ. ಕ್ಲೋಜಪೈನ್ ಪೂರ್ತಿ ಸಾಲದಿದ್ದಾಗ ಇನ್ನೊಂದನ್ನು ನಾನೂ ಸೇರಿಸುತ್ತೇನೆ. ಪ್ರೊಲ್ಯಾಕ್ಟಿನ್ ಇಳಿಸಲು ಅರಿಪಿಪ್ರಜೋಲ್ ಎಂಬ ಆಂಟಿಸೈಕೋಟಿಕ್ ಸ್ವಲ್ಪ ಕೊಡುವುದಕ್ಕೂ ಅರ್ಥವಿದೆ. ಫಿನ್‌ಲ್ಯಾಂಡಿನ 62,000ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2019ರಲ್ಲಿ ಬಂದ ಅಧ್ಯಯನದಲ್ಲಿ, ಕ್ಲೋಜಪೈನ್ ಜೊತೆ ಅರಿಪಿಪ್ರಜೋಲ್ ಪಡೆದ ಅವಧಿಯಲ್ಲಿ ಮತ್ತೆ ಆಸ್ಪತ್ರೆ ಸೇರುವುದು ಕ್ಲೋಜಪೈನ್ ಒಂದೇ ಇದ್ದಾಗಿನದಕ್ಕಿಂತ ಕಡಿಮೆಯಿತ್ತು. ಇದನ್ನು ತಳ್ಳಿಹಾಕಲಾಗದು. ಆದರೆ ಅದು ದಾಖಲೆಗಳಲ್ಲಿ ಕಂಡ ನಂಟು, ಔಷಧವೇ ಕಾರಣ ಎಂಬುದಕ್ಕೆ ಪುರಾವೆಯಲ್ಲ. ಯಾವ ಔಷಧ ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ನಡೆಸಿದ ಪ್ರಯೋಗಗಳಲ್ಲಿ ಜೋಡಿ ಔಷಧದ ಲಾಭ ಹೀಗೆ ಎದ್ದು ಕಂಡಿಲ್ಲ. ಸೇರಿಸಿದರೆ ಕಾರಣವನ್ನೂ, ಯಾವಾಗ ಮತ್ತೆ ಪರಿಶೀಲಿಸುವುದೆಂಬ ದಿನಾಂಕವನ್ನೂ ಫೈಲಿನಲ್ಲಿ ಬರೆಯಲೇಬೇಕು.

ಈಗಾಗಲೇ ಎರಡು ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವೇ ಒಂದನ್ನು ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಕಾಯಿಲೆ ಮರುಕಳಿಸಬಹುದು. ನಿಮ್ಮ ವೈದ್ಯರನ್ನು ಕೇಳಿ. ಒಂದನ್ನೇ ಹಿಡಿದು, ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಿದ್ದೆ ಕಡಿಮೆಯಾಯಿತೇ, ಅನುಮಾನ ಹೆಚ್ಚಿತೇ ಎಂದು ಮನೆಯವರು ಗಮನಿಸುತ್ತಿರಬೇಕು. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಒಂದೇ ಔಷಧಕ್ಕೆ ಬಂದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಆರು ತಿಂಗಳ ನಂತರವೂ ಅದರಲ್ಲೇ ಇದ್ದರು, ಆ ಗುಂಪಿನ ತೂಕವೂ ಇಳಿದಿತ್ತು. ಹೊಂದದವರು ಮತ್ತೆ ಎರಡಕ್ಕೆ ಮರಳಬಹುದಿತ್ತು. ಆಸ್ಪತ್ರೆ ಸೇರಿದವರ ಲೆಕ್ಕದಲ್ಲಿ ಒಂದಕ್ಕೆ ಬಂದ ಗುಂಪಿಗೂ ಎರಡನ್ನೂ ಮುಂದುವರಿಸಿದ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.