ಕೆಂಪು ಔಷಧಿಯ ಲೆಕ್ಕ: ಸ್ತನ ಕ್ಯಾನ್ಸರ್ ಕೀಮೋದಲ್ಲಿ ಹಾರ್ಟಿನ ಕತೆ

ಗಂಟು ಇರೋದು ಸ್ತನದಲ್ಲಿ, ಡಾಕ್ಟರು ಮೊದಲು ಬರೆದುಕೊಡೋದು ಎಕೋ, ಅಂದರೆ ಹಾರ್ಟಿನ ಸ್ಕ್ಯಾನು. ಮನೆಯವರಿಗೆ ಗೊಂದಲ ಆಗೋದು ಸಹಜ ಅಲ್ವಾ? ಎದೆಗೆ ಜೆಲ್ ಸವರಿ, ಪ್ರೋಬ್ ಒತ್ತಿ ನೋಡಿದ ಮೇಲೆ ರಿಪೋರ್ಟಿನಲ್ಲಿ ‘ಇ.ಎಫ್. 60%’ ಅಂತ ಒಂದು ಸಾಲು ಬರುತ್ತದೆ. ಹಾರ್ಟಿನ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಅನ್ನೋ ಅಳತೆ ಅದು. ಈ ಸಾಲಿನ ಹಿಂದೆ ಐವತ್ತು ವರ್ಷದ ಕತೆಯಿದೆ.

ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಕೀಮೋ ಔಷಧಿ ಡಾಕ್ಸೊರುಬಿಸಿನ್‌ಗೆ 1974ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಣ್ಣ ಕೆಂಪು. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಗಡ್ಡೆ ಕರಗಿತು, ಆದರೆ ಕೆಲವರಿಗೆ ತಿಂಗಳುಗಳ ನಂತರ ಕಾಲು ಊದಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಸುಮಾರು ನಾಲ್ಕು ಸಾವಿರ ರೋಗಿಗಳ ದಾಖಲೆ ಜಾಲಾಡಿದ 1979ರ ಅಧ್ಯಯನ ಒಂದು ವಿಷಯ ಖಚಿತ ಮಾಡಿತು: ಒಂದು ಸಲ ಎಷ್ಟು ಕೊಟ್ಟರು ಅನ್ನೋದಕ್ಕಿಂತ ಒಟ್ಟು ಎಷ್ಟು ಸೇರಿತು ಅನ್ನೋದು ಮುಖ್ಯ. ಮೈಯ ಪ್ರತಿ ಚದರ ಮೀಟರಿಗೆ 550 ಮಿಲಿಗ್ರಾಂ ದಾಟಬೇಡಿ ಅನ್ನೋ ಗೆರೆ ಬಿತ್ತು. 2003ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ಗೆರೆಯ ಹತ್ತಿರ ನೂರಕ್ಕೆ 26 ಜನರಿಗೆ ಹಾರ್ಟ್ ಫೇಲ್ಯೂರ್ ಆಗಬಹುದು ಅಂತ ಕಂಡಿತು. ಗೆರೆ ತೀರಾ ಧಾರಾಳವಾಗಿತ್ತು. ಈಗ ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ನಾಲ್ಕು ಸಲ ಅರವತ್ತರಂತೆ, ಒಟ್ಟು 240ರಲ್ಲಿ ಮುಗಿಸುತ್ತಾರೆ.

ಅಸಲಿ ಪಾಠ ಸಿಕ್ಕಿದ್ದು ಟ್ರಾಸ್ಟುಜುಮಾಬ್ ಬಂದ ಮೇಲೆ. ಹರ್-2 ಅನ್ನೋ ಪ್ರೋಟೀನು ಜಾಸ್ತಿ ಇರೋ ಕ್ಯಾನ್ಸರ್‌ಗೆ ಗುರಿಯಿಟ್ಟು ಹೊಡೆಯೋ ಔಷಧಿ ಇದು. 1998ರಲ್ಲಿ ಒಪ್ಪಿಗೆ ಪಡೆಯಿತು. ಕೂದಲು ಉದುರಿಸುವುದಿಲ್ಲ, ರಕ್ತಕಣ ಇಳಿಸುವುದಿಲ್ಲ. ಹಾಗಾಗಿ ಹಾರ್ಟಿಗೂ ಏನೂ ಆಗದು ಅಂದುಕೊಂಡಿದ್ದರು. ಆದರೆ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡಾಕ್ಸೊರುಬಿಸಿನ್ ಬಗೆಯ ಔಷಧಿಯ ಜೊತೆಗೇ ಇದನ್ನು ಕೊಟ್ಟವರಲ್ಲಿ ನೂರಕ್ಕೆ 27 ಮಂದಿಗೆ ಹಾರ್ಟಿನ ತೊಂದರೆ ಕಾಣಿಸಿತು. ಟ್ರಾಸ್ಟುಜುಮಾಬ್ ಇಲ್ಲದೆ ಆ ಔಷಧಿ ಕೊಟ್ಟವರಲ್ಲಿ 8. ಕಾರಣ ಆಮೇಲೆ ಗೊತ್ತಾಯಿತು. ಹಾರ್ಟಿನ ಸ್ನಾಯು ಏಟು ತಿಂದಾಗ ರಿಪೇರಿ ಮಾಡಿಕೊಳ್ಳೋಕೆ ಅದೇ ಹರ್-2 ಬೇಕು. ಒಂದು ಔಷಧಿ ಗೋಡೆ ಒಡೆದರೆ ಇನ್ನೊಂದು ಮೇಸ್ತ್ರಿಯನ್ನೇ ಮನೆಗೆ ಕಳಿಸಿದ ಹಾಗೆ.

ಅಲ್ಲಿಂದ ಎರಡನ್ನೂ ಒಟ್ಟಿಗೆ ಕೊಡೋದು ಬಿಟ್ಟು ಒಂದಾದ ಮೇಲೆ ಒಂದು ಕೊಡೋ ಪದ್ಧತಿ ಬಂತು. ಒಂದು ವರ್ಷದ ಟ್ರಾಸ್ಟುಜುಮಾಬ್ ನಡೆಯುವಾಗ ಮೂರು ತಿಂಗಳಿಗೊಮ್ಮೆ ಎಕೋ. ಇ.ಎಫ್. ಮೊದಲಿಗಿಂತ ಹತ್ತು ಅಂಕ ಇಳಿದು 50ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಎಚ್ಚರವಾಗುತ್ತಾರೆ, ಬೇಕಾದರೆ ಡೋಸು ತಡೆಹಿಡಿಯುತ್ತಾರೆ. ಈ ಔಷಧಿಯಿಂದ ಆದ ಇಳಿಕೆ ಬಹಳಷ್ಟು ಸಲ ವಾಪಸ್ ಏರುತ್ತದೆ. ಡಾಕ್ಸೊರುಬಿಸಿನ್ ಏಟಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳೋಕಾಗಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧಿಯನ್ನೇ ಹೋಲುವ ಔಷಧಿಯನ್ನು, ಮಾರುಕಟ್ಟೆಗೆ ತಂದಿತು. ದುಬಾರಿ ಔಷಧಿ ಹೆಚ್ಚು ಜನರ ಕೈಗೆ ಸಿಕ್ಕಷ್ಟೂ ಎಕೋ ಅಗತ್ಯ ಬೀಳೋರೂ ಜಾಸ್ತಿಯೇ.

ಕಾಪಾಡೋ ಔಷಧಿ ಇಲ್ಲವಾ ಅಂದರೆ, ಇದೆ. ಡೆಕ್ಸ್‌ರಾಜೋಕ್ಸೇನ್‌ಗೆ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು, ಅದೂ ಕಾಯಿಲೆ ಹರಡಿ ಡಾಕ್ಸೊರುಬಿಸಿನ್ 300 ದಾಟಿದ ಮಹಿಳೆಯರಿಗೆ. ಕೀಮೋದ ಬಲವನ್ನೇ ಇದು ಕುಗ್ಗಿಸುತ್ತದೇನೋ, ಎರಡನೇ ಕ್ಯಾನ್ಸರ್ ತರುತ್ತದೇನೋ ಅನ್ನೋ ಅನುಮಾನ ಎದ್ದು, 2011ರಲ್ಲಿ ಯುರೋಪು ಮಕ್ಕಳಿಗೆ ಕೊಡದಂತೆ ತಡೆಯಿತು. 2017ರಲ್ಲಿ ಆ ತಡೆ ಸಡಿಲಾಯಿತು, ಅಂಜಿಕೆ ಮಾತ್ರ ಉಳಿಯಿತು. ಪುಕ್ಕಲುತನ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಬಹುದು.

ಹಾರ್ಟ್ ಕಾಪಾಡೋದರಲ್ಲಿ ಬಿ.ಪಿ. ಮಾತ್ರೆ, ಕೊಲೆಸ್ಟರಾಲ್ ಮಾತ್ರೆಗಳ ಫಲಿತಾಂಶ ಕಲಸುಮೇಲೋಗರ. ಅಟೊರ್ವಾಸ್ಟಾಟಿನ್ ಅನ್ನೋ ಕೊಲೆಸ್ಟರಾಲ್ ಮಾತ್ರೆ 2023ರ ಪ್ರಯೋಗದಲ್ಲಿ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ರೋಗಿಗಳಿಗೆ ನೆರವಾಯಿತು. ಹೆಚ್ಚಾಗಿ ಸ್ತನ ಕ್ಯಾನ್ಸರ್‌ನವರೇ ಇದ್ದ ಇನ್ನೊಂದು ಪ್ರಯೋಗದಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಸುಮ್ನೆ ಮಾತ್ರೆ ಕೊಡೋದಿಲ್ಲ. ವಯಸ್ಸು, ಬಿ.ಪಿ., ಸಕ್ಕರೆ, ಹಳೆಯ ಹಾರ್ಟಿನ ತೊಂದರೆ ನೋಡಿ ಅಪಾಯ ಜಾಸ್ತಿ ಇರೋರನ್ನು ಮೊದಲೇ ಗುರುತಿಸಿ ಅಂತ 2022ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ.

ಇಷ್ಟಕ್ಕೂ ಪುಕ್ಕಟೆ ಸಿಗೋ ರಕ್ಷಣೆ ಒಂದಿದೆ. ವರ್ಷಗಳ ನಂತರ ಕಾಯಿಲೆ ಮರುಕಳಿಸಿ ಬೇರೆ ಊರಿನ ಆಸ್ಪತ್ರೆಗೆ ಹೋದರೆ, ಅಲ್ಲಿನವರು ಮೊದಲು ಹುಡುಕೋದು ಆ ಕೆಂಪು ಔಷಧಿ ಒಟ್ಟು ಎಷ್ಟು ಸೇರಿದೆ ಅನ್ನೋದನ್ನು. ಫೈಲಿನ ತುಂಬ ಬಿಲ್ಲು, ಸ್ಕ್ಯಾನು ಇರುತ್ತವೆ. ಕೂಡಿಸಿ ಬರೆದ ಆ ಒಂದು ಅಂಕಿ ಎಷ್ಟೋ ಸಲ ಇರೋದಿಲ್ಲ. ಕೊನೆಯ ಕೀಮೋ ದಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ಬರೆದುಕೊಡಿ ಅಂತ ಕೇಳಿ ಪಡೆಯಬಹುದು.