ತೇಪೆ ಬಿದ್ದ ದಿನವೇ ತೂತು ಊರಿಗೆಲ್ಲ ಗೊತ್ತು

ಆಯುಧಪೂಜೆಯ ದಿನ ಕೋಲಾರದ ನಮ್ಮ ಬೀದಿಯಲ್ಲಿ ಕುಂಕುಮ ಬೀಳದ ಯಂತ್ರವೇ ಇರುವುದಿಲ್ಲ. ಟೊಮೆಟೊ ಮಂಡಿಯ ಲೆಕ್ಕ ಬರೆಯುವ ಪಕ್ಕದ ಮನೆಯವರು ಕಂಪ್ಯೂಟರ್‌ಗೂ ಮೂರು ಪಟ್ಟೆ ವಿಭೂತಿ ಬಳಿದು, ಕೀಬೋರ್ಡ್ ಮೇಲೆ ಸೇವಂತಿಗೆಯನ್ನೂ ಸಿಪಿಯು ಡಬ್ಬದ ಮುಂದೆ ನಿಂಬೆಹಣ್ಣನ್ನೂ ಇಟ್ಟಿದ್ದರು. ಆಗಲೇ ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಸಿದ್ಧವಿದೆ, ರೀಸ್ಟಾರ್ಟ್ ಮಾಡಿ ಎಂಬ ಸೂಚನೆ ಮೂಡಿತು. ಮಂಗಳಾರತಿ ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ 'ನಂತರ' ಎಂಬುದನ್ನು ಒತ್ತಿದರು.

"ಎಷ್ಟು ದಿನದಿಂದ ಹೀಗೆ?" ಎಂದೆ.

"ಯುಗಾದಿಯಿಂದ ಕೇಳುತ್ತಲೇ ಇದೆ ಮೇಷ್ಟ್ರೇ. ಆಂಟಿವೈರಸ್ ಇದೆಯಲ್ಲ, ಬಿಡಿ."

ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಪ್ರಸಾದದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡವನು ನಾನು. ತಕರಾರು ಆ 'ನಂತರ'ದ ಬಗ್ಗೆ. ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರ. ಹಿತ್ತಲ ಗೋಡೆ ಬಿದ್ದಿದ್ದರೆ ಅವನೇನು ಮಾಡಿಯಾನು?

ಪ್ರೋಗ್ರಾಂಗೆ ತೂತು ಹೇಗೆ ಬೀಳುತ್ತದೆ? ಅವರ ಮಂಡಿ ಪುಸ್ತಕವನ್ನೇ ತೆಗೆದುಕೊಳ್ಳಿ. ಒಂದು ಅಂಕಣದಲ್ಲಿ ರೈತನ ಹೆಸರು, ಅದರ ಪಕ್ಕದಲ್ಲಿ ಹಣ ಯಾರಿಗೆ ಸೇರಬೇಕು ಎಂಬುದು. ಹೆಸರು ಉದ್ದವಾದರೆ ಮನುಷ್ಯ ಗೆರೆ ಕಂಡ ಕೂಡಲೇ ಅಕ್ಷರ ಕಿರಿದು ಮಾಡುತ್ತಾನೆ. ಗೆರೆ ನೋಡುವುದನ್ನು ಕಲಿಸದ ಪ್ರೋಗ್ರಾಂ ಮುಂದಿನ ಅಂಕಣದ ಮೇಲೆಯೇ ಬರೆಯುತ್ತ ಹೋಗುತ್ತದೆ. ಬೇಕೆಂದೇ ಉದ್ದನೆಯ ಹೆಸರು ಕೊಟ್ಟವನು ಅದರ ಬಾಲದಲ್ಲಿ ತನ್ನ ಹೆಸರನ್ನು ಸೇರಿಸಿದ್ದರೆ ಹಣ ಅವನ ಪಾಲು.

ನಮ್ಮ ಜಿಲ್ಲೆಯವರಿಗೆ ಇನ್ನೂ ಸುಲಭವಾಗಿ ಹೇಳಬಹುದು. 2021ರ ನವೆಂಬರ್ ಮಳೆಗೆ ಇಲ್ಲಿನ ಎಷ್ಟೋ ಕೆರೆಗಳು ಕೋಡಿ ಬಿದ್ದು, ನೀರು ಒಂದರಿಂದ ಒಂದಕ್ಕೆ ಇಳಿದದ್ದನ್ನು ನೋಡಿದ್ದೇವೆ. ಕೋಡಿಯ ಕೆಳಗೆ ಇನ್ನೊಂದು ಕೆರೆಯ ಬದಲು ನೀರುಗಂಟಿಯ ಗುಡಿಸಲಿದೆ, ಅದರಲ್ಲಿ ಮುಂದೆ ಯಾವ ತೂಬು ಎತ್ತಬೇಕು ಎಂಬ ಚೀಟಿಯಿದೆ ಎಂದುಕೊಳ್ಳಿ. ಹರಿದು ಬಂದ ನೀರು ಆ ಚೀಟಿಯನ್ನು ಕೊಚ್ಚಿಕೊಂಡು ಹೋಗಿ, ಅದೇ ಜಾಗದಲ್ಲಿ ಬೇರೆ ಚೀಟಿ ತಂದಿಟ್ಟರೆ? ನೀರುಗಂಟಿ ಪಾಪ, ಬರೆದಂತೆ ಮಾಡುವವನು. ಕಳ್ಳನ ಗದ್ದೆಗೆ ನೀರು ಬಿಡುತ್ತಾನೆ.

ಇದು ಬರೀ ಕಥೆಯಲ್ಲ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಇಂಟರ್ನೆಟ್‌ಗೆ ಬಿಟ್ಟ 'ಹುಳು', ಅಂದರೆ ತಾನಾಗಿಯೇ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹರಡುವ ಪ್ರೋಗ್ರಾಂ, ನುಗ್ಗಿದ ದಾರಿಗಳಲ್ಲಿ ಒಂದು ಇದೇ. 512 ಬೈಟ್ (ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ) ಹಿಡಿಸುವ ಜಾಗಕ್ಕೆ ಅದು 536 ಬೈಟ್ ಸುರಿಯಿತು. ಹೆಚ್ಚಾದ 24 ಬೈಟ್ ಸಾಕಾಯಿತು, ಚೀಟಿ ಬದಲಾಯಿತು.

ಇಂಥ ತೂತು ಮುಚ್ಚುವುದನ್ನು ಪ್ಯಾಚ್ ಎನ್ನುತ್ತಾರೆ, ಅಂದರೆ ನಮ್ಮ ತೇಪೆ. ಅಪ್‌ಡೇಟ್ ಹೊತ್ತು ತರುವುದು ಇದನ್ನೇ. ಕಾಗದದ ಪಟ್ಟಿಗೆ ತೂತು ಹೊಡೆದು ಪ್ರೋಗ್ರಾಂ ಬರೆಯುತ್ತಿದ್ದ ಕಾಲದಲ್ಲಿ ತಪ್ಪಾದ ತೂತಿನ ಮೇಲೆ ನಿಜವಾಗಿಯೇ ಕಾಗದದ ತುಂಡು ಅಂಟಿಸುತ್ತಿದ್ದರು. ಹೆಸರು ಅಲ್ಲಿಂದ ಉಳಿದುಕೊಂಡಿದೆ.

ಪಕ್ಕದ ಮನೆಯವರಿಗೆ ಹೊಳೆಯದಿದ್ದ ವಿಷಯ ಇನ್ನು ಮುಂದಿನದು. ಇಷ್ಟು ದಿನ ಏನೂ ಆಗಲಿಲ್ಲ, ಇನ್ನೂ ಸ್ವಲ್ಪ ದಿನ ಆಗುವುದಿಲ್ಲ ಎಂಬುದು ಅವರ ಲೆಕ್ಕ. ಆದರೆ ತೇಪೆ ಹೊರಬಂದ ದಿನ ಲೆಕ್ಕವೇ ಬದಲಾಗುತ್ತದೆ. ಒಬ್ಬನೇ ದರ್ಜಿ ಒಂದೇ ಅಳತೆಯಲ್ಲಿ ಹೊಲಿದ ಸಾವಿರ ಸಮವಸ್ತ್ರಗಳಿವೆ ಎನ್ನಿ. ಒಬ್ಬ ಹುಡುಗ ಬಲ ಕಂಕುಳಲ್ಲಿ ತೇಪೆ ಹಾಕಿಸಿಕೊಂಡು ಬಂದರೆ, ಮಿಕ್ಕವರ ಅಂಗಿ ಎಲ್ಲಿ ಹರಿದಿದೆ ಎಂದು ಯಾರೂ ಹುಡುಕಬೇಕಾಗಿಲ್ಲ. ದಾಳಿಕೋರರು ಹಳೆಯ ಫೈಲನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಬದಲಾದದ್ದಷ್ಟನ್ನೇ ನೋಡುತ್ತಾರೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಬಿಡುತ್ತಿದೆ. ಮರುದಿನವನ್ನು ಕಂಪ್ಯೂಟರ್ ಭದ್ರತೆಯ ಕಸುಬಿನವರು ದಾಳಿಯ ಬುಧವಾರ ಎಂದು ತಮಾಷೆ ಮಾಡುತ್ತಾರೆ. 2017ರಲ್ಲಿ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ಬಂದದ್ದು ಮೇ 12ಕ್ಕೆ. ಅದು ನುಗ್ಗಿದ ತೂತಿಗೆ ತೇಪೆ ಬಂದದ್ದು ಮಾರ್ಚ್ 14ಕ್ಕೆ. ನಡುವೆ 59 ದಿನಗಳ 'ನಂತರ'.

ಎಲ್ಲವೂ ತಾನಾಗಿ ತೇಪೆ ಹಾಕಿಕೊಳ್ಳುತ್ತದೆ ಎಂದಲ್ಲ. ಫೈಲುಗಳನ್ನು ಕುಗ್ಗಿಸಿ ಒಂದೇ ಗಂಟು ಕಟ್ಟುವ ವಿನ್‌ರಾರ್ ಎಂಬ ಪ್ರೋಗ್ರಾಂನಲ್ಲಿ 19 ವರ್ಷಗಳಿಂದ ಇದ್ದ ತೂತೊಂದು 2019ರಲ್ಲಿ ಬಯಲಾದಾಗ, ಹೊಸ ಆವೃತ್ತಿಯನ್ನು ಜನರೇ ಹೋಗಿ ಇಳಿಸಿಕೊಳ್ಳಬೇಕಾಯಿತು. ಬಳಸದ ಪ್ರೋಗ್ರಾಂ ಇದ್ದರೆ ತೆಗೆದುಹಾಕುವುದೇ ಮೇಲು. ಪರವಾನಗಿ ಇಲ್ಲದ ವಿಂಡೋಸ್ ಹಾಕಿಕೊಡುವ ಕೆಲವರು ಅಪ್‌ಡೇಟನ್ನೇ ನಿಲ್ಲಿಸಿ ಕೊಡುತ್ತಾರೆ. ಅಗ್ಗಕ್ಕೆ ಸಿಕ್ಕ ಅಂಗಿಗೆ ಹೊಲಿಗೆಯೇ ಇಲ್ಲ. ಪಕ್ಕದ ಮನೆಯವರ ಮಗಳ ಹಳೆಯ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 7. ಅದಕ್ಕೆ ಸಾಮಾನ್ಯ ಬಳಕೆದಾರರ ತೇಪೆ 2020ರ ಜನವರಿ 14ಕ್ಕೇ ಮುಗಿಯಿತು. ಅದನ್ನು ಇಂಟರ್ನೆಟ್‌ಗೆ ಸೇರಿಸಲೇಬೇಡಿ ಎಂದೆ.

ಅಪ್‌ಡೇಟಿನಿಂದಲೇ ಕೆಡುವುದೂ ಉಂಟು, ಸುಳ್ಳೇಕೆ. ಅದಕ್ಕೇ ಮೊದಲು ಮಂಡಿ ಲೆಕ್ಕವನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ಇಳಿಸಿ, ತಂತಿ ಕಿತ್ತು ಬೀರುವಿನಲ್ಲಿ ಇಡಿಸಿದೆ. ಊಟವಾದ ಮೇಲೆ ಅವರು ರೀಸ್ಟಾರ್ಟ್ ಒತ್ತಿದರು. ಎಣಿಕೆ ಶೇಕಡಾ 30ಕ್ಕೆ ಬಂತು, 60 ದಾಟಿತು, 92ರಲ್ಲಿ ನಿಂತಿತು. ಐದು ನಿಮಿಷ ಕಳೆದರೂ ಅಲ್ಲಾಡಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲನೆ ಬಗ್ಗಿ ನಿಂಬೆಹಣ್ಣನ್ನು ಡಬ್ಬದ ಹತ್ತಿರಕ್ಕೆ ಇನ್ನಷ್ಟು ಸರಿಸಿದರು.